ಕಿಟಕಿಯಲ್ಲಿನ ಶುಂಠಿ ಬಿಯರ್

ನಮ್ಮ ಮನೆಯವರು ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಬಿಯರ್ ಬಾಟಲಿಯ ಮುಖ ನೋಡುತ್ತಿದ್ದರು. ಹೀಗೆಂದರೆ ಯಾರೂ ಒಳ್ಳೆಯದನ್ನು ಊಹಿಸುವುದಿಲ್ಲವೆಂದು ನನಗೆ ಗೊತ್ತು. ಇದ್ದದ್ದನ್ನು ಬೇರೆ ಹೇಗೆ ಹೇಳಲಿ?

ಆ ಕೊನೆಯ ಭಾನುವಾರವೂ ಹಾಗೆಯೇ ಆಯಿತು. ನಾಗಪುರದಲ್ಲಿ ಚಳಿ ಬಿದ್ದಿತ್ತು. ನಾನು ಒಲೆ ಹೊತ್ತಿಸುತ್ತಿದ್ದೆ. ಅವರು ಕಿವಿಗೆ ಮಫ್ಲರ್ ಸುತ್ತಿಕೊಂಡು ಅಡಿಗೆಮನೆಗೆ ಬಂದು, ಕಿಟಕಿಯಲ್ಲಿದ್ದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸಿ ನೋಡಿದರು.

“ಇನ್ನೂ ಮಬ್ಬ ಅದ,” ಎಂದರು, ಕೂಸಿನ ಹಣೆ ಮುಟ್ಟಿ ಜ್ವರ ನೋಡಿದವರ ಹಾಗೆ.

ಅತ್ತೆ ಜಪಮಾಲೆ ಬದಿಗಿಟ್ಟರು. “ಅದನ್ನ ಇಟ್ಟಲ್ಲೇ ಇರಗೊಡೋ.”

“ನೋಡದ ಹ್ಯಾಂಗ ಗೊತ್ತಾಗಬೇಕವ್ವಾ?”

ಬಿಯರ್ ಎಂದರೆ ಶುಂಠಿಯದು. ಅಮಲು ಗಿಮಲು ಏನಿಲ್ಲ, ಕುಡಿದರೆ ಗಂಟಲು ಚುರುಗುಟ್ಟಿ ಒಂದು ತೇಗು ಬರುತ್ತಿತ್ತು, ಅಷ್ಟೇ. ಇದನ್ನು ಅವರಿಗೆ ಹಚ್ಚಿಕೊಟ್ಟವರು ನಮ್ಮ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಸಾಹೇಬರು. ಅವರು ಇಂಜಿನ್ ಡ್ರೈವರಾಗಿದ್ದು ನಿವೃತ್ತರಾದವರು. ನಮ್ಮವರು ಅದೇ ರೈಲ್ವೆಯಲ್ಲಿ ಗುಮಾಸ್ತರು. ಸಾಹೇಬರು ಒಂದು ದಿನ ಗ್ಲಾಸಿನಲ್ಲಿ ಸುರಿದು ಕೊಟ್ಟ ಶುಂಠಿ ಬಿಯರ್ ಎಳ್ಳೆಣ್ಣೆಯಂತೆ ತಿಳಿಯಾಗಿತ್ತಂತೆ. ಆವತ್ತಿನಿಂದ ನಮ್ಮವರಿಗೆ ಊಟ ರುಚಿಸಲಿಲ್ಲ.

ಮೊಸರಿಗಿದ್ದಂತೆ ಅದಕ್ಕೂ ಒಂದು ಹೆಪ್ಪು ಬೇಕು. ಸಾಹೇಬರ ಮನೆಯಿಂದ ಅದನ್ನು ಜಾಡಿಯಲ್ಲಿ ತಂದರು.

“ಏನೋ ಅದು?” ಎಂದು ಅತ್ತೆ ಕೇಳಿದರು.

“ಹೆಪ್ಪವ್ವಾ.”

“ಯಾರ ಮನೀದು?”

“ಸಾಹೇಬರದು.”

ಅತ್ತೆ ಎದ್ದು ನಮ್ಮ ಮೊಸರಿನ ಗಡಿಗೆಯನ್ನು ಇನ್ನೊಂದು ಮೂಲೆಗೆ ಒಯ್ದಿಟ್ಟರು. ಮೊಸರು ಇಂಗ್ಲಿಷ್ ಕಲಿತೀತೆಂದು ಹೆದರಿಕೆಯೋ ಏನೋ!

ಶುಂಠಿ, ಸಕ್ಕರೆ, ನಿಂಬೆಹಣ್ಣು ಎಲ್ಲ ಬರೋಬರ್ ಬಿದ್ದರೂ ನಮ್ಮ ಮನೆಯ ಬಿಯರ್ ಮಾತ್ರ ಅಕ್ಕಿ ತೊಳೆದ ನೀರಿನಂತೆಯೇ ಇರುತ್ತಿತ್ತು. ಸಾಹೇಬರು ನಕ್ಕು ಅಂದರು, “ಅಂಡಾ ಡಾಲೋ, ಬಾಬು.” ಮೊಟ್ಟೆಯ ಬಿಳಿಭಾಗ ಹಾಕಿದರೆ ಅದು ಮಬ್ಬನ್ನೆಲ್ಲ ತಳಕ್ಕೆ ಎಳೆದುಕೊಂಡು ಹೋಗುತ್ತದಂತೆ. ಅದಿಲ್ಲದೆ ಯಾರಪ್ಪನಿಂದಲೂ ಆಗದಂತೆ.

ನಮ್ಮವರು ಮನೆಗೆ ಬಂದವರೇ ಶಪಥ ಮಾಡಿದರು. “ತತ್ತಿ ನಮ್ಮ ಹೊಸ್ತಿಲಾ ದಾಟಂಗಿಲ್ಲ. ಸಾಹೇಬರು ವಿಲಾಯತಿಗೆ ಹೋಗೂದರಾಗ ತಿಳಿ ಬಿಯರ್ ಕುಡಿಸೇ ಕಳಸತೀನಿ. ನೋಡ್ತಿರು.”

ಸಾಹೇಬರು ಚಳಿಗಾಲ ಮುಗಿಯುವುದರೊಳಗೆ ಮಗಳ ಹತ್ತಿರ ವಿಲಾಯತಿಗೆ ಹೊರಟುಹೋಗುವವರಿದ್ದರು. ಮತ್ತೆ ಬರುವ ಮಾತಿರಲಿಲ್ಲ.

ಮೊದಲು ಬಟ್ಟೆಯಲ್ಲಿ ಸೋಸಿದರು. ಮನೆಯಲ್ಲಿ ಅಷ್ಟು ತೆಳುವಾದ ಬಟ್ಟೆ ಯಾವುದಿತ್ತು? ಅತ್ತೆಯ ಮಡಿ ಸೀರೆ. ಮಬ್ಬು ಹಾಗೆಯೇ ಉಳಿದು ಬಿಯರಿನ ಬುರುಗು ಮಾತ್ರ ಹೋಯಿತು. ಸೀರೆಯನ್ನು ಎರಡು ಸಲ ಒಗೆದರೂ ಅತ್ತೆ ಪೂಜೆಗೆ ಕೂತಾಗ ಇರುವೆಗಳು ಸಾಲುಗಟ್ಟಿ ದರ್ಶನಕ್ಕೆ ಬಂದವು.

ಆಮೇಲೆ ಪಟಿಕ ಹಾಕಿದರು. ಹಜಾಮರು ಕ್ಷೌರ ಮುಗಿದ ಮೇಲೆ ಗಲ್ಲಕ್ಕೆ ತಿಕ್ಕುವ ಪಟಿಕವೇ. ಈ ಸಲ ಸ್ವಲ್ಪ ತಿಳಿಯಾಯಿತು. ಉಬ್ಬಿಹೋಗಿ, ತಮ್ಮ ಆಫೀಸಿನ ಧಾರವಾಡದ ಗೆಳೆಯರೊಬ್ಬರನ್ನು ಕರೆದು ಕುಡಿಸಿದರು. ಅವರು ಒಂದು ಗುಟುಕು ಕುಡಿದು ಗಲ್ಲ ಸವರಿಕೊಂಡರು.

“ಹ್ಯಾಂಗದ?”

“ಒಳಗಿಂದ ಕ್ಷೌರ ಮಾಡಿಸಿಕೊಂಡಾಂಗ ಆತು ನೋಡ್ರಿ.”

ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಇವರು ಸೈಕಲ್ ಹತ್ತಿ ಗಾಂಧಿಬಾಗಿನ ಪೇಟೆಗೆ ಹೋದರು. ಅಲ್ಲಿಂದ ಚಿಲ್ಲದ ಬೀಜ ತಂದರು. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಹರವಿಯ ಒಳಮೈಗೆ ಈ ಬೀಜ ತಿಕ್ಕಿ ನೀರು ತುಂಬಿಡುತ್ತೇವಲ್ಲ, ರಾಡಿ ತಳಕ್ಕಿಳಿಯಲೆಂದು, ಅದೇ.

“ನೀರಿಗೆ ಬರೂದು ಬಿಯರಿಗೆ ಯಾಕ ಬರಬಾರದು?” ಎಂದು ಗಂಧ ತೇಯುವ ಕಲ್ಲನ್ನು ಎಳೆದುಕೊಂಡು ಕೂತರು.

“ಅದು ದೇವರ ಕಲ್ರೀ,” ಎಂದೆ.

“ದೇವರಿಗೂ ತಿಳೀಲಿ ನನ್ನ ತ್ರಾಸು.”

ತೇಯ್ದು ಬಾಟಲಿಗೆ ಹಾಕಿ, ಬಿರಡೆ ಬಿಗಿದು, ಕಿಟಕಿಯಲ್ಲಿಟ್ಟರು. ಆ ಭಾನುವಾರ ಎತ್ತಿ ನೋಡಿದ್ದು ಅದನ್ನೇ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ನೋಡಿದರು. ದೀಪ ಹಚ್ಚಿದ ಮೇಲೆ ಕಂದೀಲಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಸೋಮವಾರ ಆಫೀಸಿಗೆ ಹೊರಡುವಾಗ, ಬೂಟು ಹಾಕಿಕೊಂಡೇ ಒಳಗೆ ಬಂದು ಮತ್ತೆ ವಾಲಿಸಿ ನೋಡಿ ಅತ್ತೆಯಿಂದ ಬೈಸಿಕೊಂಡು ಹೋದರು.

ಸಂಜೆ ಅವರ ಸೈಕಲ್ಲನ್ನು ಬೇರೆಯವರು ತಳ್ಳಿಕೊಂಡು ಬಂದರು. ಎದೆನೋವೆಂದು ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲವಂತೆ.

ಕಾರ್ಯಗಳೆಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ ಸಾಹೇಬರು ಹೇಳಿಹೋಗಲು ಬಂದರು. ಮರುದಿನವೇ ಅವರ ಗಾಡಿ. ಹ್ಯಾಟು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಾ ಕೂತರು. ಅವರಿಗೇನು ಕೊಡಲಿ ಎಂದು ನಾನು ಅಡಿಗೆಮನೆಗೆ ಹೋದೆ. ಅಷ್ಟು ದಿನ ಆ ಕಿಟಕಿಯ ಕಡೆ ನಾನು ನೋಡಿರಲಿಲ್ಲ. ನೋಡಿದರೆ, ಬಾಟಲಿಯೊಳಗಿಂದಲೇ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಅದರ ಆಚೆ ಅಂಗಳದ ಬೇವಿನ ಮರವೂ ಕಾಣುತ್ತಿತ್ತು. ಮಬ್ಬೆಲ್ಲ ತಳದಲ್ಲಿ ಬೆರಳ ದಪ್ಪ ಕೂತಿತ್ತು.

ಅಲುಗದಂತೆ ಎತ್ತಿದೆ. ಉಸಿರು ಬಿಗಿಹಿಡಿದು ವಾಲಿಸಿ, ತಳದ್ದು ಏಳುವ ಮೊದಲೇ ನಿಲ್ಲಿಸಿದೆ. ಒಂದು ಗ್ಲಾಸು ತುಂಬಿತು.

ಸಾಹೇಬರು ಗ್ಲಾಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಅಂಡಾ?” ಎಂದು ಕೇಳಿದರು.

“ನಹೀಂ, ಸಾಹೇಬ.”

ಅವರು ಎದ್ದು ನಿಂತು, ನಿಂತೇ ಅಷ್ಟನ್ನೂ ಕುಡಿದರು.

ಸಾಹೇಬರು ಹೋದ ಮೇಲೆ ಖಾಲಿ ಗ್ಲಾಸು ನೋಡುತ್ತಾ ಅತ್ತೆಯನ್ನು ಕೇಳಿದೆ. “ಈ ಸಲ ಹ್ಯಾಂಗ ತಿಳಿ ಆತ್ರೀ ಅತ್ತ್ಯಾರ?”

ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. “ಯಾರೂ ಎತ್ತಿ ನೋಡಲಿಲ್ಲಲ್ಲವಾ,” ಎಂದರು.

ಶುಂಠಿ ಬಿಯರನ್ನು ಈಗಲೂ ಮಾಡುತ್ತೇನೆ. ಪ್ರತಿ ಸಲವೂ ತಿಳಿಯಾಗುತ್ತದೆ. ಇಟ್ಟ ಬಾಟಲಿ ಇಟ್ಟಲ್ಲೇ ಇರುತ್ತದೆ. ಬೆಳಿಗ್ಗೆ ಎದ್ದು ಅದನ್ನು ಎತ್ತಿ ನೋಡುವವರು ಮನೆಯಲ್ಲಿಲ್ಲ.