ಕೂರಿಸಿ ನೋಡದೆ ಕೊಡುವುದಿಲ್ಲ

ನೋಡದೆ, ಮುಟ್ಟದೆ, ಸಾಧ್ಯವಿದ್ದಲ್ಲಿ ಮೂಸದೆ ನಾನು ಈವರೆಗೆ ಯಾವ ವಸ್ತುವನ್ನೂ ಕೊಂಡವನಲ್ಲ. ಇದು ಗುಣವೆಂದು ನಾನೂ, ರೋಗವೆಂದು ನನ್ನ ಹೆಂಡತಿ ಸುಶೀಲೆಯೂ ಮೂವತ್ತೈದು ವರ್ಷಗಳಿಂದ ವಾದಿಸುತ್ತಾ ಬಂದಿದ್ದೇವೆ. ಬಂಗುಡೆಯ ಕಿವಿರು ಎತ್ತಿ ಒಳಗೆ ಕೆಂಪಗಿದೆಯೇ ಎಂದು ನೋಡದ ಹೊರತು ನನ್ನ ಕೈ ಜೇಬಿಗೆ ಹೋಗುವುದಿಲ್ಲ. ಒಮ್ಮೆ ಹಾಗೆ ಒಂದೊಂದೇ ಮೀನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮೀನು ಮಾರುವಾಕೆ, "ಹ್ವಾಯ್, ನೀವ್ ಮೀನ್ ತಕಂಬುಕೆ ಬಂದದ್ದಾ, ಮೀನಿಗೆ ಮದ್ದ್ ಕೊಡುಕೆ ಬಂದದ್ದಾ?" ಎಂದು ಕೇಳಿದ್ದಳು. ಚಪ್ಪಲಿ ಕೊಳ್ಳುವಾಗ ಎರಡೂ ಕಾಲಿಗೆ ಹಾಕಿಕೊಂಡು ಅಂಗಡಿಯಿಂದ ಬಸ್ ನಿಲ್ದಾಣದವರೆಗೆ ನಡೆದು ಬರುವವನು ನಾನು. ನಮ್ಮ ಕಡೆಯ ಅಂಗಡಿಯವರೂ ಒಳ್ಳೆಯವರೇ. ಸೀರೆಯಾದರೆ ನಾಲ್ಕನ್ನು ಚೀಲಕ್ಕೆ ಹಾಕಿ, ಮನೆಯಲ್ಲಿ ತೋರಿಸಿ ಬೇಡದ್ದನ್ನು ನಾಡಿದ್ದು ತನ್ನಿ ಎಂದು ಕಳಿಸುತ್ತಾರೆ. ಹೀಗೆ ಬೆಳೆದ ನನಗೆ, ಕಾರಿನಲ್ಲಿ ಮಗುವನ್ನು ಕೂರಿಸುವ ಒಂದು ಸೀಟು ಕೊಳ್ಳಲು ಹೋದಾಗ ಒಂದರ ಮೇಲೊಂದು ಬಂದು ಬಡಿದ ಆಘಾತಗಳನ್ನು ಯಾರೊಡನೆಯಾದರೂ ಹೇಳಿಕೊಳ್ಳದಿದ್ದರೆ ಉಂಡದ್ದು ಕರಗುವುದಿಲ್ಲ.

ಮೊದಲನೆಯದು ಮನೆಯಲ್ಲೇ ಆಯಿತು. ಮೊಮ್ಮಗಳು ಚಿನ್ನುವಿಗೆ ಒಂಬತ್ತು ತಿಂಗಳು ತುಂಬುವಾಗ ಕೊಲ್ಲೂರಿನಲ್ಲಿ ಮೊದಲ ಅನ್ನ ಉಣ್ಣಿಸುವುದೆಂದು ನಿಶ್ಚಯವಾಗಿತ್ತು. ಬಸ್ರೂರಿನ ನಮ್ಮ ಮನೆಯಿಂದ ಕೊಲ್ಲೂರಿಗೆ ನನ್ನದೇ ಕಾರು, ನಾನೇ ಸಾರಥಿ, ಚಿನ್ನು ಅಜ್ಜಿಯ ಮಡಿಲಲ್ಲಿ, ದಾರಿಯುದ್ದಕ್ಕೂ ನಾನು ಅವಳಿಗೆ ಹೊಳೆ, ಸೇತುವೆ, ಎಮ್ಮೆ ಎಂದೆಲ್ಲ ತೋರಿಸುತ್ತಾ ಹೋಗುವುದು. ಅವಳು ಹುಟ್ಟಿದ ದಿನದಿಂದ ನಾನು ಕಾಯುತ್ತಿದ್ದುದು ಈ ಒಂದು ಪ್ರಯಾಣಕ್ಕೆ. ಸೊಸೆ ಅಕ್ಷತಾ ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಮುರಿದ ಕೈಕಾಲುಗಳನ್ನು ಮತ್ತೆ ನಡೆಸುವುದು ಅವಳ ಕೆಲಸ, ಮಾತು ಕಡಿಮೆ. ನಾನು ಪ್ರಯಾಣದ ವರ್ಣನೆ ಮುಗಿಸಿದ ಮೇಲೆ ಅವಳು ತಟ್ಟೆಯಿಂದ ತಲೆಯೆತ್ತದೆ, "ಮಗುವಿನ ಸೀಟ್ ಇಲ್ದೆ ಚಿನ್ನು ಕಾರ್ ಹತ್ತುದಿಲ್ಲೆ, ಮಾವ. ಇಲ್ದಿರೆ ಅನ್ನ ಮನೆಯಲ್ಲೇ ಉಣ್ಸುವ" ಎಂದಳು. ನಾನು ಮಗನ ಮುಖ ನೋಡಿದೆ. ಅವನು ಮೊಬೈಲಿನ ಮುಖ ನೋಡಿದ. ಬೈಂದೂರಿಗೆ ಹೋಗುವ ಜೀಪಿನಲ್ಲಿ ಹದಿನಾಲ್ಕು ಜನರ ನಡುವೆ ಸುಶೀಲೆಯ ಮಡಿಲಲ್ಲೇ ಬೆಳೆದ ಪ್ರಾಣಿ ಅವನು, ಆ ಮಡಿಲಿನ ಪರವಾಗಿ ಒಂದು ಮಾತು ಆಡಲಿಲ್ಲ.

ಸರಿ, ಸೀಟೇ ಬೇಕಾದರೆ ಸೀಟು ತರೋಣವೆಂದು ಮರುದಿನವೇ ಬ್ರಹ್ಮಾವರಕ್ಕೆ ಹೋದೆ. ಅಲ್ಲಿಯ ಅಂಗಡಿಯಲ್ಲಿ ಸೀಟು ಇತ್ತು, ಆದರೆ ಪೆಟ್ಟಿಗೆಯೊಳಗೆ ಇತ್ತು. ಪೆಟ್ಟಿಗೆಯ ಮೇಲೆ ಯಾವುದೋ ದೇಶದ ಮಗುವೊಂದು ಆ ಸೀಟಿನಲ್ಲಿ ಕೂತು ನಗುತ್ತಿತ್ತು. ತೆಗೆದು ತೋರಿಸಿ, ನನ್ನ ಕಾರಿಗೆ ಹಿಡಿಯುತ್ತದೋ ನೋಡಿ ಹೇಳುತ್ತೇನೆ ಎಂದೆ. ಅಂಗಡಿಯಾತ ಬೆರಳೆತ್ತಿ ಗೋಡೆಯ ಬೋರ್ಡು ತೋರಿಸಿದ: ಸೀಲ್ ಒಡೆದ ಮಾಲು ವಾಪಸು ಇಲ್ಲ. ಒಡೆಯದೆ ಹಿಡಿಯುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದರೆ, ಹೆಚ್ಚಾಗಿ ಎಲ್ಲ ಕಾರಿಗೂ ಹಿಡಿಯುತ್ತದೆ ಎಂದ. ನಾನು ಮೂವತ್ತು ವರ್ಷ ವಿಮೆ ಏಜೆಂಟನಾಗಿ ದುಡಿದವನು. 'ಹೆಚ್ಚಾಗಿ' ಎಂಬ ಶಬ್ದದೊಳಗೆ ಏನೇನು ಅಡಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ರೂಪಾಯಿಯ ಬದನೆಕಾಯಿಯನ್ನು ಹಿಸುಕಿ ನೋಡಲು ಬಿಡುವ ಊರಿನಲ್ಲಿ ಮಗುವಿನ ಜೀವ ಕಾಯುವ ಸಾಮಾನನ್ನು ಮುಟ್ಟಲು ಬಿಡುವುದಿಲ್ಲವಲ್ಲ ಎಂದು ಕುದಿಯುತ್ತಾ ಮನೆಗೆ ಬಂದೆ.

ಎರಡು ದಿನ ಬಿಟ್ಟು ಸುಶೀಲೆಯನ್ನೂ ಕರೆದುಕೊಂಡು ಕುಂದಾಪುರಕ್ಕೆ ಹೊರಟೆ. ದಾರಿಯಲ್ಲಿ ಮನೆಗೆಂದು ಹತ್ತು ಕಿಲೋದ ಕುಚ್ಚಲಕ್ಕಿ ಚೀಲವೊಂದನ್ನು ಡಿಕ್ಕಿಗೆ ಹಾಕಿಸಿದೆವು. ಮಕ್ಕಳ ಸಾಮಾನಿನ ಅಂಗಡಿ ಪ್ರಮೀಳಕ್ಕ ಎನ್ನುವವರದ್ದು. ಮುಂಬಯಿಯಲ್ಲಿ ಗಂಡನ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತು ವರ್ಷ ಕೂತು ಊರಿಗೆ ಮರಳಿದವರು. ಗ್ರಾಹಕನ ಹಕ್ಕುಗಳ ಬಗ್ಗೆ ಒಂದು ಸಣ್ಣ ಭಾಷಣವನ್ನು ನಾನು ಮೊದಲೇ ಸಿದ್ಧ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವರು, "ನಮ್ಮಲ್ಲಿ ಕಾರಿಗೆ ಹಾಕಿ, ಕೂರ್ಸಿ ಕಾಣದೆ ಕೊಡುದಿಲ್ಲೆ, ಅಣ್ಣಯ್ಯ. ಅದ್ ನಮ್ ಅಂಗ್ಡಿ ನಿಯಮ" ಎಂದುಬಿಟ್ಟರು. ಭಾಷಣಕ್ಕೆ ಕೆಲಸವಿಲ್ಲದಾಯಿತು. ಆಮೇಲೆ ನಾನು ಆಡಿದ ಮಾತನ್ನು ನೆನೆದರೆ ನನಗೇ ನಂಬಿಕೆ ಬರುವುದಿಲ್ಲ. ಅಷ್ಟೆಲ್ಲ ತೊಂದರೆ ಯಾಕೆ, ನಿಮ್ಮ ಮೇಲೆ ನಂಬಿಕೆ ಇದೆ, ಪೆಟ್ಟಿಗೆಯನ್ನೇ ಕೊಡಿ ಎಂದೆ. ಬಂಗುಡೆಯ ಕಿವಿರು ಎತ್ತುವ ನಾನು! ಕಾರಣ ಇಷ್ಟೇ, ಪರೀಕ್ಷೆ ಈಗ ಸೀಟಿಗಲ್ಲ, ನನ್ನ ಕಾರಿಗೆ ಎಂದು ಹೊಟ್ಟೆಯೊಳಗೆ ಯಾರೋ ಹೇಳಿದ ಹಾಗಾಗಿತ್ತು. ಪ್ರಮೀಳಕ್ಕ ಒಪ್ಪಲಿಲ್ಲ. ಮಗುವನ್ನು ಕರೆತರದವರಿಗೆಂದೇ ಅವರ ಬಳಿ ಹತ್ತು ಕಿಲೋ ಅಕ್ಕಿಯ ಒಂದು ಚೀಲ ಇತ್ತು. ಅದನ್ನು ಒಂದು ಕೈಯಲ್ಲಿ, ತೋರಿಕೆಗಿಟ್ಟ ಸೀಟನ್ನು ಇನ್ನೊಂದು ಕೈಯಲ್ಲಿ ಹಿಡಿದು ನನಗಿಂತ ಮೊದಲೇ ಕಾರಿನ ಹತ್ತಿರ ಹೋಗಿ ನಿಂತರು.

ಹಿಂದಿನ ಬಾಗಿಲು ತೆರೆದು ಅವರು ಕೇಳಿದ ಮೊದಲ ಪ್ರಶ್ನೆ, ಬೆಲ್ಟಿನ ಕೊಂಡಿ ಎಲ್ಲಿ ಎಂದು. ಸೀಟನ್ನು ಕಾರಿನ ಬೆಲ್ಟಿನಿಂದಲೇ ಕಟ್ಟಬೇಕಂತೆ. ನಾನು ಸುಶೀಲೆಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಒಂಬತ್ತು ವರ್ಷಗಳಿಂದ ಆ ಕಾರಿನಲ್ಲಿ ಮದುವೆ, ಮುಂಜಿ, ಆಸ್ಪತ್ರೆ ಎಂದು ತಿರುಗಿದ್ದೇವೆ. ಹಿಂದಿನ ಸೀಟಿಗೆ ಬೆಲ್ಟು ಎಂಬುದೊಂದು ಇದೆಯೆಂಬ ವಿಷಯ ನಮ್ಮಿಬ್ಬರಿಗೂ ಹೊಸತು. ಕೊಂಡಿಗಳು ಸೀಟ್ ಕವರಿನ ಅಡಿಯಲ್ಲಿ ಸಮಾಧಿಯಾಗಿದ್ದವು. ಕಾರು ಬಂದ ವಾರವೇ ಆಸೆಪಟ್ಟು ಹೊಲಿಸಿದ ಕಂದು ಬಣ್ಣದ ಕವರದು. ಪ್ರಮೀಳಕ್ಕ ಬ್ಲೇಡು ತರಿಸಿ ಎರಡು ಕಡೆ ಹೊಲಿಗೆ ಕುಯ್ದು ಕೈ ಹಾಕಿದರು. ಕೊಂಡಿಯ ಜೊತೆಗೆ ಒಂದು ಬಾಚಣಿಗೆ, ಯಾರದೋ ಮದುವೆಯ ಕಾಗದ, ಕಲ್ಲಿನಂತಾದ ಅರ್ಧ ಚಕ್ಕುಲಿ ಹೊರಬಂದವು. ಊರವರ ಜಗಲಿಯಲ್ಲೆಲ್ಲ ಕೂತು, ಮನುಷ್ಯನ ಜೀವ ಎಷ್ಟು ಹೊತ್ತಿನದು ಎಂದು ಹೆದರಿಸಿ ಪಾಲಿಸಿ ಮಾಡಿಸಿದವನ ಕಾರು ಇದು. ಸಾಲದ್ದಕ್ಕೆ, ಆಮೇಲೆ ಪರೀಕ್ಷೆಗೆ ಹೊರಡುವಾಗ ಮುಂದೆ ನನ್ನ ಪಕ್ಕ ಬಂದು ಕೂತ ಪ್ರಮೀಳಕ್ಕ, ನನ್ನ ಬೆಲ್ಟು ನನ್ನ ಬೆನ್ನಿನ ಹಿಂದೆ ಸಿಕ್ಕಿಸಿಕೊಂಡಿರುವುದನ್ನೂ ಕಂಡರು. ಹಾಗೆ ಸಿಕ್ಕಿಸಿದರೆ ಕಾರು ಕಿರುಚುವುದಿಲ್ಲ, ಅಂಗಿಯ ಇಸ್ತ್ರಿಯೂ ಕೆಡುವುದಿಲ್ಲ ಎಂಬ ಉಪಾಯ ನನ್ನದು. ನಾನು ಅದನ್ನು ಬಿಚ್ಚಿ ಎದೆಗೆ ಹಾಕಿಕೊಳ್ಳುವವರೆಗೆ ಅವರು ಕಾದರು.

ಅಂಗಡಿಯ ಅಕ್ಕಿ ಚೀಲ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿತು. ಈ ವಯಸ್ಸಿನ ಮಕ್ಕಳು ಹಾಗೆಯೇ ಕೂರಬೇಕಂತೆ. ಸುಶೀಲೆಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಎಳೆಯ ಮಗುವನ್ನು ಹಗ್ಗದಲ್ಲಿ ಬಿಗಿದು ಹಿಂದುಮುಂದಾಗಿ ಕೂರಿಸುವುದಕ್ಕಿಂತ ಅಜ್ಜಿ ತಬ್ಬಿ ಹಿಡಿದರೆ ಸಾಲದೇ ಎಂದು ಕೇಳಿದಳು. ನಾನೂ ತಲೆ ಅಲ್ಲಾಡಿಸಿದೆ. ಅದೂ ಆಗಲಿ ಎಂದರು ಪ್ರಮೀಳಕ್ಕ. ನಮ್ಮ ಡಿಕ್ಕಿಯಲ್ಲಿದ್ದ ಅಕ್ಕಿ ಚೀಲವನ್ನು ತೆಗೆಸಿ ಸುಶೀಲೆಯ ಮಡಿಲಿಗೆ ಕೊಟ್ಟು, ಅವಳಿಗೂ ಬೆಲ್ಟು ಹಾಕಿಸಿದರು. ಮಗುವಿನ ಹಾಗೆಯೇ ಹಿಡಿದುಕೊಳ್ಳಿ ಎಂದರು. ಅವಳು ಚೀಲವನ್ನು ಎದೆಗೆ ಒತ್ತಿ, ಅಭ್ಯಾಸಬಲದಿಂದ ಅದರ ಬೆನ್ನು ತಟ್ಟಿದಳು.

ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ಹಾಕಿ ಎಂದರು. ನಾನು ಹಾಲಿನ ಪಾತ್ರೆ ಇಳಿಸಿದ ಹಾಗೆ ಕಾರು ನಿಲ್ಲಿಸಿದೆ. ಎರಡು ಚೀಲಗಳೂ ಇದ್ದಲ್ಲೇ ಇದ್ದವು. ನನಗೆ ಬಂದ ಸಂತೋಷಕ್ಕೆ ಪಾರವಿಲ್ಲ. ನಾಯಿ ಅಡ್ಡ ಬರುವಾಗ ಮೊದಲೇ ಹೇಳಿ ಬರುತ್ತದೆಯೇ ಎಂದು ಪ್ರಮೀಳಕ್ಕ ಗೊಣಗಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರನ್ನು ಮತ್ತೆ ಓಡಿಸುತ್ತಾ ಸುಶೀಲೆಗೆ ಮಡಿಲಿನ ಮಹಿಮೆಯನ್ನೂ ನನ್ನ ಮೂವತ್ತು ವರ್ಷದ ಚಾಲನೆಯನ್ನೂ ಒಟ್ಟಿಗೆ ವಿವರಿಸತೊಡಗಿದೆ. ಆಗ ಪ್ರಮೀಳಕ್ಕ ಕೂಗಿದರು. ಎದುರಿನಿಂದ, ಬರಬಾರದ ದಿಕ್ಕಿನಲ್ಲಿ, ಮೀನಿನ ಕ್ರೇಟು ಹೇರಿದ ರಿಕ್ಷಾ ಬರುತ್ತಿತ್ತು. ಬ್ರೇಕನ್ನು ಪೂರ್ತಿ ತುಳಿದೆ. ಮೂವತ್ತರ ವೇಗವೂ ಇದ್ದಿರಲಾರದು. ನನ್ನ ಕಿವಿಯ ಪಕ್ಕದಲ್ಲೇ ಏನೋ ದಪ್ಪನೆ ಹಾದುಹೋಗಿ ಗೇರಿಗೆ ಬಡಿದು ಒಡೆಯಿತು. ಕಾಲ ಮೇಲೆ, ಡ್ಯಾಶ್ ಬೋರ್ಡಿನ ಮೇಲೆ, ಪ್ರಮೀಳಕ್ಕನ ಸೆರಗಿನ ಮೇಲೆ ಕುಚ್ಚಲಕ್ಕಿ ಚೆಲ್ಲಿತು.

ರಿಕ್ಷಾದವನು ಏನೋ ಬೈದು ಬದಿಯಿಂದ ಹೋದ. ಹಿಂದಕ್ಕೆ ತಿರುಗಿದೆ. ಸೀಟಿನಲ್ಲಿ ಕಟ್ಟಿದ ಚೀಲ ಒಂದಿಂಚೂ ಸರಿಯದೆ ಕೂತಿತ್ತು. ಅದರ ಪಕ್ಕದಲ್ಲಿ ಸುಶೀಲೆ, ಎರಡೂ ತೋಳು ಎದೆಯ ಮುಂದೆ ಸುತ್ತಿಕೊಂಡೇ ಕೂತಿದ್ದಳು. ತೋಳಿನೊಳಗೆ ಏನೂ ಇರಲಿಲ್ಲ.

"ನಾನ್ ಗಟ್ಟಿ ಹಿಡ್ಕಂಡಿದ್ದೆ" ಎಂದಳು. ಮತ್ತೊಮ್ಮೆ, ಯಾರೋ ಇಲ್ಲವೆಂದ ಹಾಗೆ, "ಗಟ್ಟಿಯೇ ಹಿಡ್ಕಂಡಿದ್ದೆ" ಎಂದಳು.

ನಾನು ಏನಾದರೂ ಹೇಳಬೇಕೆಂದು, ಚೆಲ್ಲಿದ್ದನ್ನು ಬೊಗಸೆಯಲ್ಲಿ ಒಟ್ಟು ಮಾಡುತ್ತಾ, ಹೋಗಲಿ ಬಿಡು, ಅಕ್ಕಿ ತಾನೇ ಎಂದೆ. ಪ್ರಮೀಳಕ್ಕ ಸೆರಗು ಕೊಡವಿ, "ಹೌದ್. ಅಕ್ಕಿ ಆದ್ರೆ ಹೆಕ್ಕುಕೆ ಆತ್ತ್" ಎಂದರು. ಅಷ್ಟೇ. ನನ್ನ ಕೈ ಅಲ್ಲೇ ನಿಂತಿತು. ಮಗನನ್ನು ಆ ಮಡಿಲಲ್ಲಿ ಕೂರಿಸಿಕೊಂಡು ಎಷ್ಟು ಸಲ ಹೋಗಿದ್ದೇವೆ, ಎಷ್ಟು ತಿರುವುಗಳಲ್ಲಿ ಎಷ್ಟು ರಿಕ್ಷಾಗಳು ಎದುರಾಗದೆ ಉಳಿದಿವೆ ಎಂದು ಲೆಕ್ಕ ಹಾಕತೊಡಗಿದೆ. ನಿಜ ಹೇಳುತ್ತೇನೆ, ಭಯವಾಯಿತು. ಮೂವತ್ತು ವರ್ಷ ಬೇರೆಯವರಿಗೆ ಮಾರಿದ ಭಯ ಮೊದಲ ಸಲ ನನ್ನ ಪಾಲಿಗೆ ಬಂತು. ಅಂಗಡಿಗೆ ಮರಳಿ ಏನೂ ಚೌಕಾಶಿ ಮಾಡದೆ ಸೀಟು ಕೊಂಡೆ. ಸುಶೀಲೆ ಮನೆ ಮುಟ್ಟುವವರೆಗೆ ತನ್ನ ಬೆಲ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಅಕ್ಷತಾ ಅಂದು ಸಂಜೆ ಸೀಟನ್ನು ತಾನೇ ಕಟ್ಟಿ, ಎಳೆದು, ಅಲ್ಲಾಡಿಸಿ ನೋಡಿದಳು. ಸೀಟು ಪಾಸು, ಬೆಲ್ಟು ಪಾಸು, ಕಾರೂ ಪಾಸು. ಇನ್ನು ಕೊಲ್ಲೂರು ನನ್ನದೇ ಎಂದುಕೊಂಡೆ. ಅಷ್ಟರಲ್ಲಿ ಸುಶೀಲೆ ನಡೆದದ್ದನ್ನೆಲ್ಲ ಹೇಳತೊಡಗಿದಳು. ಯಾವುದನ್ನು ಹೇಳುವ ಅಗತ್ಯವಿಲ್ಲ ಎಂದು ದಾರಿಯಲ್ಲಿ ನಾನು ತಿಳಿಸಿ ಹೇಳಿದ್ದೆನೋ ಅದನ್ನೂ ಬಿಡಲಿಲ್ಲ. ಎಲ್ಲ ಕೇಳಿದ ಅಕ್ಷತಾ ಒಂದೇ ಪ್ರಶ್ನೆ ಕೇಳಿದಳು.

"ರಿಕ್ಷಾ ಬಪ್ಪತಿಗೆ ಮಾವ ಎತ್ಲಾಗ್ ಕಾಂತಿದ್ರ್?"

"ಹಿಂದೆ" ಎಂದಳು ಸುಶೀಲೆ. "ನನ್ ಮೊಕ ಕಾಂತಿದ್ರ್."

ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡ ಇನ್ನೂ ಹೆಂಡತಿಯ ಮುಖ ನೋಡುತ್ತಾನೆ ಎಂಬುದು ಬೇರೆ ಯಾವ ಮನೆಯಲ್ಲಾದರೂ ಹೊಗಳಿಕೆಯ ಮಾತಾಗುತ್ತಿತ್ತು. ಅಕ್ಷತಾ ನನ್ನ ಮುಂದೆ ಕೈ ಚಾಚಿ, "ಕೀ ಕೊಡಿ, ಮಾವ. ನಂಗೆ ಲೈಸೆನ್ಸ್ ಇತ್ತ್" ಎಂದಳು. ಮದುವೆಯಾಗಿ ಬರುವ ಮೊದಲು ಐದು ವರ್ಷ ತಂದೆಯ ಕಾರನ್ನು ಅವಳೇ ಬಿಡುತ್ತಿದ್ದಳಂತೆ. ನಾಲ್ಕು ವರ್ಷದಿಂದ ದಿನಾ ಬಸ್ಸಿಗೆ ಕಾಯುವ ಹುಡುಗಿಗೆ ಕಾರು ಬಿಡಲು ಬರುತ್ತದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ಎಲ್ಲವನ್ನೂ ಮುಟ್ಟಿ ಮೂಸಿ ನೋಡುವವನಿಗೆ ಇದೊಂದು ಗೊತ್ತಿರಲಿಲ್ಲ. ಕೀ ಕೊಟ್ಟೆ.

ಕೊಲ್ಲೂರಿಗೆ ಹೋಗುವ ದಿನ ಸುಶೀಲೆ ಮುಂದೆ ಕೂತಳು. ಮಗುವಿನ ಸೀಟು ಕಟ್ಟಿದ ಮೇಲೆ ಕಾರಿನಲ್ಲಿ ಆರಾಮಾಗಿ ಕೂರಲು ಜಾಗ ಉಳಿದದ್ದು ನಾಲ್ವರಿಗೆ ಎಂದು ಮಗ ಬೈಕಿನಲ್ಲಿ ಬಂದ. ಹಿಂದೆ ಚಿನ್ನು, ಅವಳ ಪಕ್ಕದಲ್ಲಿ ನಾನು, ಇಬ್ಬರಿಗೂ ಬೆಲ್ಟು. ಇಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು ಎಂದು ನನಗೆ ಅಪ್ಪಣೆಯಾಗಿತ್ತು. ನಾನು ಹೊಳೆ ಎಂದೆ, ಸೇತುವೆ ಎಂದೆ, ಎಮ್ಮೆ ಎಂದೆ. ಹಿಂದಕ್ಕೆ ಮುಖ ಮಾಡಿ ಕೂತ ಮಗುವಿಗೆ ನಾನು ಹೇಳಿ ಮುಗಿಸಿದ ಮೇಲೆಯೇ ಅವೆಲ್ಲ ಕಾಣುವುದು. ಅವಳು ಹೆಮ್ಮಾಡಿ ದಾಟುವ ಮೊದಲೇ ನಿದ್ದೆ ಹೋದಳು. ಆಮೇಲೆ ನನಗೆ ಉಳಿದ ಕೆಲಸವೆಂದರೆ ಸೊಸೆಯ ಚಾಲನೆಯಲ್ಲಿ ತಪ್ಪು ಹುಡುಕುವುದು. ವಂಡ್ಸೆಯ ತಿರುವಿನಲ್ಲಿ ಒಂದಾದರೂ ಸಿಗುತ್ತದೆ ಎಂದು ಬಗ್ಗಿ ಕಾದೆ. ಮೊಮ್ಮಗಳು ಮಲಗಿರುವ ಕಾರಿನಲ್ಲಿ ಕೂತು ಡ್ರೈವರು ಒಮ್ಮೆ ತಪ್ಪಲಿ ಎಂದು ಆಸೆಪಡುತ್ತಿರುವ ಅಜ್ಜ ನಾನು ಎಂದು ಹೊಳೆದಾಗ ಆದ ನಾಚಿಕೆಯನ್ನು ಈವರೆಗೆ ಸುಶೀಲೆಗೂ ಹೇಳಿಲ್ಲ. ಅಕ್ಷತಾ ಒಂದು ತಪ್ಪನ್ನೂ ಮಾಡಲಿಲ್ಲ. ಕೊಲ್ಲೂರಿನಲ್ಲಿ ಕಾರು ನಿಂತಾಗ ಎಲ್ಲರಿಗಿಂತ ಮೊದಲು ಇಳಿಯಲು ಹೋದೆ, ಬೆಲ್ಟಿನ ಕೊಂಡಿ ಬಿಚ್ಚಲು ಬರಲಿಲ್ಲ. ಎಳೆದೆ, ಒತ್ತಿದೆ, ಆಗಲಿಲ್ಲ. ಸೊಸೆ ಸುತ್ತಿ ಬಂದು ಮೊದಲು ಮಗುವನ್ನು ಬಿಡಿಸಿ ಅಜ್ಜಿಯ ಕೈಗೆ ಕೊಟ್ಟಳು. ಆಮೇಲೆ ನನ್ನನ್ನು ಬಿಡಿಸಿ, ಕೈ ಹಿಡಿದು ಇಳಿಸಿದಳು.