ಗ್ರಂಥಕರ್ತರಿಗೆ ಓದುಗರು ಸಿಕ್ಕ ದಿನ

ಓದಿ, ದಯವಿಟ್ಟು ಓದಿ ಎಂದು ಕಂಡಕಂಡವರನ್ನು ಗೋಗರೆದ ಮನುಷ್ಯನೊಬ್ಬ, ಕೊನೆಗೂ ಒಬ್ಬರು ‘ಓದ್ತೀನಿ’ ಎಂದಾಗ ನಿಂತಲ್ಲೇ ಬೆವೆತುಹೋದದ್ದನ್ನು ನೀವು ಕಂಡಿರಲಾರಿರಿ. ನಮ್ಮ ಗ್ರಂಥಕರ್ತರಿಗೆ ಆ ಭಾನುವಾರ ಬೆಳಿಗ್ಗೆ ಆದದ್ದು ಅದೇ.

ಗ್ರಂಥಕರ್ತರು ಎಂಬುದು ಅವರ ಹೆಸರಲ್ಲ, ಕಟ್ಟಡದವರು ಇಟ್ಟ ಬಿರುದು. ವಾರದ ದಿನಗಳಲ್ಲಿ ಅವರು ವಿಮಾ ಕಚೇರಿಯಲ್ಲಿ ಕೂತು ಒಡೆದ ಬಂಪರು, ನೆಗ್ಗಿದ ಬಾಗಿಲುಗಳ ಅರ್ಜಿ ನೋಡುವ ಗುಮಾಸ್ತರು. ಉಳಿದ ಹೊತ್ತೆಲ್ಲ ಪ್ರಪಂಚದ ಚಿಂತೆ. ಆ ಚಿಂತೆಯೆಲ್ಲ ಒಟ್ಟುಗೂಡಿ ‘ಯಂತ್ರಯುಗ, ಬರವಣಿಗೆ ಮತ್ತು ವಿಶ್ವಸಂಘರ್ಷ: ಒಂದು ಸಮಗ್ರ ಚಿಂತನೆ’ ಎಂಬ ದಪ್ಪ ಪುಸ್ತಕವಾಗಿತ್ತು. ಪ್ರಕಾಶಕರೂ ಅವರೇ, ಕರಡು ತಿದ್ದಿದವರೂ ಅವರೇ, ಬೆನ್ನುಡಿಯಲ್ಲಿ ‘ಇಂಥ ಕೃತಿ ಇನ್ನೊಂದಿಲ್ಲ’ ಎಂದು ಹೊಗಳಿದ ‘ಒಬ್ಬ ಹಿರಿಯ ಓದುಗ’ರೂ ಅವರೇ. ಒಂದು ಪೆಟ್ಟಿಗೆಯೂ ಮನೆಯೊಳಗೆ ಬರಕೂಡದು ಎಂದು ಹೆಂಡತಿ ಹೊಸ್ತಿಲಲ್ಲೇ ಆಜ್ಞೆ ಹೊರಡಿಸಿದ್ದರಿಂದ, ಅಚ್ಚಾದ ಪ್ರತಿಗಳೆಲ್ಲ ನೆಲಮಹಡಿಯ ಮೆಟ್ಟಿಲ ಕೆಳಗೆ ಕೂತಿದ್ದವು. ಎರಡು ದಿನದ ಮಟ್ಟಿಗೆ ಎಂದು ಇಟ್ಟದ್ದು. ಆಮೇಲೆ ಪೆಟ್ಟಿಗೆಗಳ ಮೇಲೆ ಬೆಕ್ಕು ಮರಿ ಹಾಕಿ, ಆ ಮರಿಗಳೂ ದೊಡ್ಡವಾಗಿ ಹೊರಟುಹೋಗಿದ್ದವು.

ಅವರ ಆಸೆ ದೊಡ್ಡದೇನಲ್ಲ. ಒಬ್ಬರು, ಒಬ್ಬರೇ ಒಬ್ಬರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಅದಕ್ಕೇ ಕಟ್ಟಡದ ಮನೆಮನೆಗೂ ಸಹಿ ಹಾಕಿ ಹಂಚಿದ್ದರು. ಅದಕ್ಕೇ ಆ ಸಂಜೆ ತಾರಸಿಯ ಮೇಲೆ ಪುಸ್ತಕದ ಚರ್ಚೆಯನ್ನೂ ಇಟ್ಟುಕೊಂಡಿದ್ದರು.

“ಸಾರ್, ಇವತ್ತು ನಿಮ್ಮ ಪುಸ್ತಕ ಓದಿ ಮುಗಿಸಿಬಿಡ್ತೀನಿ” ಎಂದರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರು, ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತ.

“ಇವತ್ತೇ? ಅಷ್ಟು ದಪ್ಪದ್ದು?”

“ನಾನೆಲ್ಲಿ ಓದ್ತೀನಿ ಸಾರ್! ಫೋನ್ ಓದುತ್ತೆ. ಪುಟದ ಫೋಟೋ ಹೊಡೀತಾ ಹೋದ್ರೆ ಸಾಕು, ಅದೇ ಓದಿ ಅದೇ ಸಾರಾಂಶ ಹೇಳುತ್ತೆ. ಎಲ್ರಿಗೂ ಹೇಳ್ಕೊಟ್ಟಿದೀನಿ. ಸಂಜೆ ಬಂದು ಸುಮ್ನೆ ಕಲ್ಲಿನ ಥರ ಕೂತ್ರೆ ಚೆನ್ನಾಗಿರಲ್ಲ ಅಲ್ವಾ?”

‘ಯಂತ್ರವು ಎಂದೆಂದಿಗೂ ಪುಸ್ತಕವನ್ನು ಓದಲಾರದು’ ಎಂದು ಗ್ರಂಥಕರ್ತರು ಮೊದಲ ಅಧ್ಯಾಯದಲ್ಲೇ ದಪ್ಪಕ್ಷರದಲ್ಲಿ ಸಾರಿದ್ದರು. ಅದು ಸುಳ್ಳಾಯಿತಲ್ಲ ಎಂದು ಅವರು ಹೆದರಲಿಲ್ಲ. ಹೆದರಿದ್ದು ನಾಲ್ಕನೆಯ ಅಧ್ಯಾಯ ನೆನಪಾಗಿ.

ನಾಲ್ಕನೆಯ ಅಧ್ಯಾಯ ಜಗತ್ತಿನ ಸಂಘರ್ಷಗಳದ್ದು. ಗ್ರಂಥಕರ್ತರು ಜಗತ್ತನ್ನು ನೋಡಿದ್ದು ಅಷ್ಟಕ್ಕಷ್ಟೆ. ಚೆನ್ನಾಗಿ ನೋಡಿದ್ದು ಈ ಕಟ್ಟಡವನ್ನು. ಹಾಗಾಗಿ ದೇಶಗಳ ಜಗಳಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಪೆನ್ನು ತಾನಾಗಿ ನೆರೆಮನೆಗೆ ಹೋಗಿತ್ತು. ‘ನದಿಯ ನೀರನ್ನೆಲ್ಲ ತಾನೇ ಮೊದಲು ಹೀರಿ, ಉಳಿದದ್ದನ್ನು ಕೆಳಗೆ ಬಿಡುವ ಮೇಲ್ದಂಡೆ ದೇಶ’ ಎಂದರೆ ಹೊತ್ತಿಲ್ಲದ ಹೊತ್ತಿನಲ್ಲಿ ಪಂಪು ಹಾಕುವ ಇದೇ ಡಾಕ್ಟರು. ‘ಗಡಿಯಾಚೆಗೆ ಬಾವುಟ ಹಾರಿಸುವ ದೇಶ’ ಎಂದರೆ ಒದ್ದೆ ಬಟ್ಟೆಗಳನ್ನು ಕಂಡವರ ಬಾಲ್ಕನಿಗೆ ಇಳಿಬಿಡುವ ಎದುರುಮನೆಯ ಟೈಲರಮ್ಮ. ‘ಯಾರದೂ ಅಲ್ಲದ ನೆಲದಲ್ಲಿ ತಾತ್ಕಾಲಿಕವೆಂದು ಬಂದು, ಶಾಶ್ವತವಾಗಿ ತಳವೂರುವ ದೇಶ’ ಎಂದರೆ ನೆಲಮಹಡಿಯ ನಿವೃತ್ತ ಬಸ್ ಡ್ರೈವರು. ಅವರ ಸತ್ತ ಸ್ಕೂಟರು ಮೆಟ್ಟಿಲ ಕೆಳಗೆ ಎಷ್ಟೋ ವರ್ಷದಿಂದ ನಿಂತಿತ್ತು.

ಇವೆಲ್ಲ ಹೋಗಲಿ ಎನ್ನಬಹುದು. ಅಧ್ಯಾಯದ ಕೊನೆಯಲ್ಲಿ ‘ಮಹಾಶಕ್ತಿ ರಾಷ್ಟ್ರ’ವೂ ಇತ್ತು. ‘ಅದು ಮೊದಲು ನಿರ್ಧರಿಸುತ್ತದೆ; ಆಮೇಲೆ ಅಭಿಪ್ರಾಯ ಕೇಳುತ್ತದೆ; ಅಭಿಪ್ರಾಯ ಹೇಳಿದವರ ಮೇಲೆ ದಿಗ್ಬಂಧನ ಹೇರುತ್ತದೆ. ಮೊದಲು ನಿಲ್ಲುವುದು ಚಹಾದ ಆಮದು.’ ಈ ಸಾಲುಗಳನ್ನು ಬರೆದ ದಿನ ಅವರಿಗೆ ಮನೆಯಲ್ಲಿ ಟೀ ಸಿಕ್ಕಿರಲಿಲ್ಲ.

ಓದುಗರು ಬೇಕು ಎಂದು ಹಂಬಲಿಸಿದ್ದು ನಿಜ. ಆದರೆ ಓದಿದ ಮೇಲೆ ಇವರ ಜೊತೆ ಒಂದೇ ಮೆಟ್ಟಿಲಲ್ಲಿ ಹತ್ತಿ ಇಳಿಯಬೇಕಲ್ಲ! ಹಂಚುವ ಸಂಭ್ರಮದಲ್ಲಿ ಅವರಿಗೆ ಅದು ಹೊಳೆದೇ ಇರಲಿಲ್ಲ.

“ಡಾಕ್ಟ್ರೇ, ಆ ಪ್ರತೀಲಿ ಅಚ್ಚಿನ ತಪ್ಪು ಬಹಳ ಇದೆ. ಕೊಡಿ, ತಿದ್ದಿ ಕೊಡ್ತೀನಿ.”

“ಹುಡುಕ್ಬೇಕು ಸಾರ್. ಕ್ಲಿನಿಕ್‌ನಲ್ಲಿ ಕಾಯೋರಿಗೆ ಅಂತ ಇಟ್ಟಿದ್ದೆ. ಒಂದು ಪುಟ ತಿರುವಿದ್ರೆ ಸಾಕು, ಹಲ್ಲುನೋವಲ್ಲೂ ನಿದ್ದೆ ಬರುತ್ತೆ ಅಂತ ಬಹಳ ಜನ ಹೊಗಳಿದ್ರು.”

ಗ್ರಂಥಕರ್ತರು ಮನೆಗೆ ಓಡಿದರು. ಹೆಂಡತಿ ಅಡುಗೆಮನೆಯಲ್ಲಿದ್ದರು.

“ನಿನಗೆ ಕೊಟ್ಟ ಪುಸ್ತಕ ಎಲ್ಲಿ?”

“ಹಿಟ್ಟಿನ ಡಬ್ಬದ ಮೇಲಿದೆ. ತೆಗೀಬೇಡಿ ರೀ, ಮುಚ್ಚಳ ಕಳೆದ್ಹೋಗಿದೆ, ಇರುವೆ ಹತ್ತುತ್ತೆ. ಅಂದ ಹಾಗೆ ನಿಮ್ಮಕ್ಕ ಫೋನ್ ಮಾಡಿದ್ರು. ‘ತಮ್ಮ ಏನೋ ಬರೆದಿದಾನಂತೆ, ನನಗೊಂದು ಪ್ರತಿ ಕಳಿಸೋಕೆ ಆಗಲಿಲ್ವಾ’ ಅಂತ ಉರೀತಿದಾರೆ.”

ಅಕ್ಕ ಎಂದೊಡನೆ ಗ್ರಂಥಕರ್ತರ ಕೈ ತಾನಾಗಿ ಕಿವಿಗೆ ಹೋಯಿತು. ಚಿಕ್ಕಂದಿನಲ್ಲಿ ಅಕ್ಕ ಹಿಂಡಿದ ಕಿವಿ ಅದು. ಆದರೆ ಈಗ ಅಕ್ಕನ ಚಿಂತೆಗೆ ಪುರಸೊತ್ತಿರಲಿಲ್ಲ. ಹಿಟ್ಟಿನ ಡಬ್ಬದ ಮೇಲಿರುವ ಪುಸ್ತಕದಷ್ಟು ಭದ್ರವಾದದ್ದು ಇನ್ನೊಂದಿಲ್ಲ ಎಂದುಕೊಂಡು ಅವರು ಎದುರುಮನೆಗೆ ನುಗ್ಗಿದರು.

ಟೈಲರಮ್ಮ ಯಾರದೋ ಕೋಟಿನ ತೋಳು ಹೊಲಿಯುತ್ತಿದ್ದರು. ಪುಸ್ತಕ ಮಾತ್ರ ಎಲ್ಲಿಯೂ ಕಾಣಲಿಲ್ಲ. ಗ್ರಂಥಕರ್ತರು ಅತ್ತಿತ್ತ ಹುಡುಕಿ, ಕೊನೆಗೆ ಬಗ್ಗಿ ನೋಡಿದರೆ ಹೊಲಿಗೆ ಮಿಶನ್ನಿನ ಗಿಡ್ಡ ಕಾಲಿನ ಕೆಳಗೆ ವಿಶ್ವಸಂಘರ್ಷ ಆಸರೆಯಾಗಿ ನಿಂತಿತ್ತು.

“ಒಂದೇ ನಿಮಿಷ ಅಮ್ಮಾ” ಎಂದು ಅವರು ಎಳೆದದ್ದೂ, ಮಿಶನ್ನು ಕುಂಟಿದ್ದೂ, ಹೊಲಿಗೆ ಸೊಟ್ಟಗೆ ಓಡಿ ತೋಳು ಹೋಗಿ ಜೇಬಿಗೆ ಸೇರಿಕೊಂಡದ್ದೂ ಒಟ್ಟಿಗೇ ಆಯಿತು.

“ಅಯ್ಯಯ್ಯೋ! ಏನಣ್ಣಾ ಮಾಡಿದ್ರಿ! ಸಂಜೆ ಕೊಡ್ಬೇಕಿತ್ತು ಈ ಕೋಟು! ಕೊಟ್ಟಿದ್ದನ್ನ ವಾಪಸ್ ಕಿತ್ಕೊಂಡು ಹೋಗೋವಂಥದ್ದು ಏನಿದೆ ಅದ್ರಲ್ಲಿ?”

“ಏನಿಲ್ಲ, ಏನಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಒಂದು ಸಣ್ಣ...” ಎಂದು ನಾಲಿಗೆ ಕಚ್ಚಿಕೊಂಡರು.

“ನಾಲ್ಕನೇ ಅಧ್ಯಾಯಾನಾ?” ಎಂದರು ಟೈಲರಮ್ಮ. ಕೋಟು ಪಕ್ಕಕ್ಕೆ ಸರಿಯಿತು.

ಗ್ರಂಥಕರ್ತರು ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಕೆಳಗಿಳಿದರು. ಡ್ರೈವರಣ್ಣ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿದ್ದರು. ಅವರ ಪ್ರತಿಯನ್ನು ಹುಡುಕುವ ಕಷ್ಟವೇ ಇರಲಿಲ್ಲ. ಸ್ಕೂಟರು ಉರುಳದಂತೆ ಅದರ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟಿದ್ದರು. ಮಲಗಿದವರನ್ನು ಯಾಕೆ ಎಬ್ಬಿಸಬೇಕು ಎಂಬ ಸೌಜನ್ಯದಿಂದ ಗ್ರಂಥಕರ್ತರು ಮೆಲ್ಲಗೆ, ಮಗುವಿನ ಕೈಯಿಂದ ಗಿಲಕಿ ಬಿಡಿಸಿಕೊಳ್ಳುವಂತೆ, ಪುಸ್ತಕವನ್ನು ಜಾರಿಸಿದರು.

ವರ್ಷಗಟ್ಟಲೆ ಮಿಸುಕದಿದ್ದ ಸ್ಕೂಟರಿಗೆ ಜೀವ ಬಂತು. ಅದು ಸಾವಕಾಶವಾಗಿ ಹಿಂದಕ್ಕೆ ಉರುಳಿ ಪೆಟ್ಟಿಗೆಗಳ ರಾಶಿಗೆ ಗುದ್ದಿತು. ಮೇಲಿನ ಪೆಟ್ಟಿಗೆ ಬಿತ್ತು, ಅದರ ಹಿಂದೆ ಮತ್ತೊಂದು, ಆಮೇಲೆ ಒಂದಾದ ಮೇಲೊಂದು. ಕಟ್ಟಡವೇ ನಡುಗಿದ ಸದ್ದಿಗೆ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಎಲ್ಲರೂ ಇಳಿದುಬಂದು ನೋಡಿದರೆ ಮೆಟ್ಟಿಲ ಬುಡದ ತುಂಬ ಪುಸ್ತಕಗಳು, ನಡುವೆ ಸ್ಕೂಟರಿನ ಸೀಟಿನ ಮೇಲೆ ಕೂತಂತೆ ಒಂದು ಪೆಟ್ಟಿಗೆಯ ಮೇಲೆ ಕೂತ ಗ್ರಂಥಕರ್ತರು.

“ಯಜಮಾನ್ರೇ, ಹೇಳಿದ್ರೆ ನಾನೇ ಸ್ಟಾರ್ಟ್ ಮಾಡಿ ಕೊಡ್ತಿದ್ದೆ” ಎಂದರು ಡ್ರೈವರಣ್ಣ.

“ಎಲ್ರ ಪುಸ್ತಕಾನೂ ವಾಪಸ್ ಇಸ್ಕೊಳ್ತಿದಾರೆ!” ಎಂದು ಟೈಲರಮ್ಮ ಸಾರಿದರು. “ನಾಲ್ಕನೇ ಅಧ್ಯಾಯದಲ್ಲಿ ಏನೋ ಇದೆ!”

ಅಲ್ಲಿಗೆ ಮುಗಿಯಿತು. ಡಾಕ್ಟರು ಒಂದು ಪ್ರತಿ ಎತ್ತಿಕೊಂಡರು. ಟೈಲರಮ್ಮ ಒಂದು, ಡ್ರೈವರಣ್ಣ ಒಂದು. ಪುಕ್ಕಟೆ ಕೊಟ್ಟಾಗ ಮೂಗು ಮುರಿದಿದ್ದವರೂ ತಲೆಗೊಂದು ಎತ್ತಿಕೊಂಡು ಹೋದರು.

ಮಧ್ಯಾಹ್ನವಿಡೀ ಗ್ರಂಥಕರ್ತರು ಹಾಸಿಗೆಯ ಮೇಲೆ ದಿಂಬನ್ನು ಕಿವಿಗೊತ್ತಿಕೊಂಡು ಬಿದ್ದಿದ್ದರು. ದಿಂಬಿನಾಚೆಯಿಂದಲೂ ಕೇಳುತ್ತಿತ್ತು. ಮೇಲಿನ ಕಿಟಕಿಯಿಂದ, ಎದುರಿನ ಕಿಟಕಿಯಿಂದ, ಕೆಳಗಿನ ಕಿಟಕಿಯಿಂದ ಫೋನುಗಳು ಒಂದೇ ದನಿಯಲ್ಲಿ, ರೈಲು ತಡವಾಗಿದೆ ಎಂದು ಹೇಳುವಂತೆ, ಅವರ ವಾಕ್ಯಗಳನ್ನು ಓದುತ್ತಿದ್ದವು. ‘ಮೇಲ್ದಂಡೆ ದೇಶದ ದುರಾಸೆಗೆ ಮಿತಿಯಿಲ್ಲ.’ ಭಯದ ನಡುವೆಯೂ ಅವರಿಗೆ ಒಂದು ಕ್ಷಣ, ವಾಕ್ಯ ಚೆನ್ನಾಗಿಯೇ ಬಂದಿದೆ ಎನ್ನಿಸಿತು.

ಸಂಜೆ ತಾರಸಿಗೆ ಹೋಗುವಾಗ ಅವರ ಕಾಲು ಗಲ್ಲಿಗೆ ಹೋಗುವವನ ಕಾಲಿನಂತಿತ್ತು. ತಾರಸಿ ತುಂಬಿತ್ತು. ಬಾಗಿಲಲ್ಲೇ ಟೈಲರಮ್ಮ ಅವರನ್ನು ಮೂಲೆಗೆ ಎಳೆದರು. ಗ್ರಂಥಕರ್ತರು ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದರು.

“ಅಣ್ಣಾ, ಆ ಗಡಿಯಾಚೆಗೆ ಬಾವುಟ ಹಾರಿಸೋ ದೇಶ! ಡಾಕ್ಟ್ರ ಬೋರ್ಡು ತಾನೆ? ನನ್ನ ಕಿಟಕಿಗೆ ಅಡ್ಡ ನೇತಾಕಿದಾರಲ್ಲ, ದೊಡ್ಡ ಹಲ್ಲಿನ ಚಿತ್ರದ್ದು? ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು ನೋಡಿ. ನನ್ನ ಕಷ್ಟ ಒಬ್ರಿಗಾದ್ರೂ ಅರ್ಥ ಆಯ್ತಲ್ಲ!”

ಗ್ರಂಥಕರ್ತರು ಒಂದು ಕಣ್ಣು ತೆರೆದರು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ಕಿವಿಗೆ ಬಂದರು.

“ಸಾರ್, ಮೇಲ್ದಂಡೆ ದೇಶ ಯಾರು ಅಂತ ನನಗೆ ಗೊತ್ತಾಯ್ತು. ಬೆಳಗಾಗೋದ್ರೊಳಗೆ ಡ್ರಮ್ಮು ಡ್ರಮ್ಮು ನೀರು ಹಿಡ್ಕೊಳ್ತಾರಲ್ಲ, ಟೈಲರಮ್ಮ! ಅದಕ್ಕೇ ನಾನು ಪಾಪ, ಹೊತ್ತುಗೊತ್ತಿಲ್ದೆ ಪಂಪ್ ಹಾಕೋ ಹಾಗಾಗಿದೆ. ಭಲೇ ಬರೆದಿದೀರಿ!”

ಗ್ರಂಥಕರ್ತರ ಎರಡೂ ಕಣ್ಣು ಅಗಲವಾದವು. ಒಬ್ಬರಿಗೂ ತಮ್ಮ ಗುರುತು ಸಿಕ್ಕಿಲ್ಲ! ಓದಿದ್ದಾರೆ, ಮೆಚ್ಚಿದ್ದಾರೆ, ಜಗಳವೂ ಇಲ್ಲ. ಹೋದ ಜೀವ ಬಂದಂತಾಯಿತು. ಮನುಷ್ಯರು ಎಷ್ಟು ಬೆಪ್ಪುತಕ್ಕಡಿಗಳು, ಕನ್ನಡಿ ಹಿಡಿದರೂ ಪಕ್ಕದವರ ಮುಖವನ್ನೇ ನೋಡುತ್ತಾರಲ್ಲ ಎಂದು ಅವರಿಗೆ ಒಳಗೊಳಗೇ ನಗು ಬಂತು. ಎದೆಯುಬ್ಬಿಸಿ ಕುರ್ಚಿಯಲ್ಲಿ ಕೂತರು.

ಡ್ರೈವರಣ್ಣ ಎದ್ದು ನಿಂತರು. ದನಿ ಗದ್ಗದವಾಗಿತ್ತು.

“ಬೇರೆಯವರ ತಪ್ಪನ್ನ ಯಾರು ಬೇಕಾದ್ರೂ ಬರೀತಾರೆ. ತನ್ನ ತಪ್ಪನ್ನ ತಾನೇ ಅಚ್ಚು ಹಾಕ್ಸಿ ಮನೆಮನೆಗೆ ಹಂಚೋಕೆ ಗುಂಡಿಗೆ ಬೇಕು! ಕೇಳಿ: ‘ಯಾರದೂ ಅಲ್ಲದ ನೆಲದಲ್ಲಿ ತಾತ್ಕಾಲಿಕವೆಂದು ಬಂದು, ಶಾಶ್ವತವಾಗಿ ತಳವೂರುವ ದೇಶ.’ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳು! ಬಾಯ್ಬಿಟ್ಟು ಹೇಳೋಕೆ ನಾಚ್ಕೊಂಡು ಪುಸ್ತಕದಲ್ಲಿ ಬರೆದಿದಾರೆ, ದೊಡ್ಡ ಮನುಷ್ಯ!”

ತಾರಸಿ ಚಪ್ಪಾಳೆಯಿಂದ ನಡುಗಿತು.

“ಅಲ್ಲ, ಅಲ್ಲ! ಅದು ನಾನಲ್ಲ” ಎಂದು ಗ್ರಂಥಕರ್ತರು ಎದ್ದರು. “ಅದು...”

“ಅದು ಯಾರು ಯಜಮಾನ್ರೇ?” ಎಂದು ಕೇಳಿದರು ಡ್ರೈವರಣ್ಣ, ಬಸ್ಸಿನ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಕಂಬದಂತಾದ ತೋಳುಗಳನ್ನು ಕಟ್ಟಿಕೊಂಡು.

ಗ್ರಂಥಕರ್ತರು ಆ ತೋಳುಗಳನ್ನು ನೋಡಿದರು.

“ಅದು... ನಾನೇ.”

ಮತ್ತೆ ಚಪ್ಪಾಳೆ. ಲೇಖಕರ ಪಶ್ಚಾತ್ತಾಪಕ್ಕೆ ಬೆಲೆ ಕೊಡಬೇಕೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಆ ಕಟ್ಟಡದಲ್ಲಿ ಎಲ್ಲರೂ ಒಪ್ಪಿದ ಮೊದಲ ತೀರ್ಮಾನ ಅದು. ಎಲ್ಲರೂ ಕೆಳಗಿಳಿದು, ಡಾಕ್ಟರು ಒಂದು ಪೆಟ್ಟಿಗೆ, ಟೈಲರಮ್ಮ ಒಂದು, ಡ್ರೈವರಣ್ಣ ಹೆಗಲಿಗೊಂದು ಕೈಗೊಂದು ಎತ್ತಿಕೊಂಡು, ನಗುನಗುತ್ತ ಗ್ರಂಥಕರ್ತರ ಮನೆಯ ಕಡೆ ಹೊರಟರು. ಮೆಟ್ಟಿಲ ಕೆಳಗೆ ಸ್ಕೂಟರು ಒಂದೇ ಉಳಿದು ಆರಾಮಾಗಿ ಅಡ್ಡಡ್ಡ ನಿಂತಿತು.

ಹೊಸ್ತಿಲಲ್ಲಿ ಯುದ್ಧವಾಗುತ್ತದೆ ಎಂದು ಗ್ರಂಥಕರ್ತರು ಹಿಂದೆಯೇ ನಿಂತರು. ಆದರೆ ಹೆಂಡತಿ ಶಾಂತವಾಗಿ, “ರೂಮಲ್ಲಿ ಇಡಿ” ಎಂದರು. ಎಲ್ಲರೂ ಹೋದ ಮೇಲೆ ನೋಡಿದರೆ ಹಿಟ್ಟಿನ ಡಬ್ಬದ ಮೇಲೆ ತಟ್ಟೆ ಮುಚ್ಚಿತ್ತು. ಪುಸ್ತಕ ಹೆಂಡತಿಯ ಮಡಿಲಲ್ಲಿತ್ತು.

“ಓದಿದೆ ರೀ. ಫೋನಿಗೆ ಓದಿಸ್ಲಿಲ್ಲ, ನಾನೇ ಓದಿದೆ. ಮೊದಲಿಂದ ಕೊನೇವರೆಗೂ.”

ಇಷ್ಟು ದಿನ ಊರೆಲ್ಲ ಹುಡುಕಿದ ಆ ಒಬ್ಬ ಓದುಗರು ಮನೆಯಲ್ಲೇ ಇದ್ದರು! ಖುಷಿಗೆ ಗ್ರಂಥಕರ್ತರ ಕಣ್ಣು ಮಂಜಾಯಿತು.

“ಮಹಾಶಕ್ತಿ ರಾಷ್ಟ್ರ ಓದಿ ನಕ್ಕು ನಕ್ಕು ಸಾಕಾಯ್ತು” ಎಂದರು ಹೆಂಡತಿ. “ನಿಮ್ಮಕ್ಕನ್ನ ಎಷ್ಟು ಚೆನ್ನಾಗಿ ಬರೆದಿದೀರಿ! ಹೋದ ಸಲ ಬಂದಾಗ ನಿಮ್ಮ ಟೀ ನಿಲ್ಲಿಸಿ ಬರೀ ಬಿಸಿನೀರು ಕುಡಿಸಿದ್ರಲ್ಲ!”

ಗ್ರಂಥಕರ್ತರು ಗೋಡೆಗೆ ಒರಗಿ ಉಸಿರು ಬಿಟ್ಟರು. “ಹೂಂ, ಅಕ್ಕನೇ. ಬೇರೆ ಯಾರು!”

“ನಾನೂ ಹಾಗೇ ಅಂದ್ಕೊಂಡಿದ್ದೆ. ಪ್ರತಿ ಕಳಿಸ್ಲಿಲ್ಲ ಅಂತ ಸಿಟ್ಟಾಗಿದ್ರಲ್ಲ, ಸಮಾಧಾನ ಆಗ್ಲಿ ಅಂತ ಫೋನ್ ಮಾಡಿ ಆ ಅಧ್ಯಾಯ ಪೂರ್ತಿ ಓದಿ ಹೇಳ್ದೆ. ಯಾರ ಬಗ್ಗೆ ಅಂತ ಮಾತ್ರ ನಾನು ಹೇಳ್ಲಿಲ್ಲ.”

“ಏನಂದ್ರು?”

“ಅವರೂ ಬಿದ್ದು ಬಿದ್ದು ನಕ್ಕರು. ಆಮೇಲೆ, ‘ಪಾಪ, ಕಟ್ಕೊಂಡವಳನ್ನ ಹೀಗೆ ಬರೀಬಾರದಿತ್ತು ಕಣೇ’ ಅಂದ್ರು.”

ಹೆಂಡತಿ ಪುಸ್ತಕವನ್ನು ಮುಚ್ಚಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟರು.

“ನಾಳೆ ಬೆಳಿಗ್ಗೆ ಅವರೇ ಬರ್ತಿದಾರೆ. ನೀವು ನಮ್ಮಿಬ್ಬರನ್ನೂ ಎದುರಿಗೆ ಕೂರಿಸ್ಕೊಂಡು, ಅದು ಯಾರು ಅಂತ ಹೇಳಿಬಿಡಿ. ಆಯ್ತಾ? ಏನಂತೀರಿ?”

ಅಭಿಪ್ರಾಯ ಹೇಳಲು ಗ್ರಂಥಕರ್ತರು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಅಡುಗೆಮನೆಗೆ ಹೋಗಿ, ಅವರಿಗಾಗಿ ಕುದಿಯುತ್ತಿದ್ದ ಟೀ ಪಾತ್ರೆಯ ಕೆಳಗಿನ ಉರಿಯನ್ನು ಆರಿಸಿದರು.