ಗಡಿ ದಾಟಿ ಹೋಗುವ ಪದಬಂಧ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟವರಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಕಾದರೆ ಸೋಲಾಪುರಕ್ಕೆ ಬಂದು, ಅವರ ಚಾದರದ ಅಂಗಡಿಯ ಗಾದಿಯ ಮೇಲೆ ಕುಳಿತು, "ಚಹಾ ಕುಡೀತೀರೇನ್ರಿ?" ಎಂದು ಕೇಳಿ ನೋಡಿ. "ಒಂದ ಅಕ್ಷರ. ಲಗ್ನದಾಗ ಹುಡುಗಿ ಒಮ್ಮಿ ಅಂತಾಳ, ಆಮ್ಯಾಲ ಹುಡುಗ ಸಾಯೋತನಕಾ ಅಂತಾನ" ಎನ್ನುತ್ತಾರೆ. ಅದು 'ಹೂಂ' ಎಂದು ನಿಮಗೆ ಹೊಳೆಯುವಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿರುತ್ತದೆ!

ಈ ರೋಗಕ್ಕೆ ಕಾರಣ ಒಂದು ಕನ್ನಡ ಪತ್ರಿಕೆಯ ಭಾನುವಾರದ ಪುರವಣಿ. ಅದರಲ್ಲೊಂದು ಪದಬಂಧ ಬರುತ್ತದೆ. 'ಸೂರ್ಯ' ಎಂದು ಕೇಳಿ 'ರವಿ' ಎಂದು ಬರೆಸಿಕೊಳ್ಳುವ ಬಡಪಾಯಿ ಪದಬಂಧವಲ್ಲ. ಸುತ್ತಿ ಬಳಸಿ, ಕಣ್ಣಿಗೆ ಮಣ್ಣೆರಚಿ, ಕೊನೆಗೆ ಎರಡೇ ಅಕ್ಷರ ಕೇಳುವ ಗೂಢ ಪದಬಂಧ. 'ತಲೆ ಹೋದ ರಾಜ ಕುಡಿಯಲು ಸಿಹಿ' ಎಂದಿದ್ದರೆ ನೀವು ರಾಜನಿಗಾಗಿ ಮರುಗಬಾರದು. 'ಅರಸ'ನ ಮೊದಲ ಅಕ್ಷರ ಕತ್ತರಿಸಬೇಕು, 'ರಸ' ಉಳಿಯುತ್ತದೆ, ಬರೆಯಬೇಕು, ಮುಗಿಯಿತು. ಆದರೆ ಕಾಕಾಗೆ ಅಲ್ಲಿಂದಲೇ ಶುರು. ಬಿಡಿಸುವುದಕ್ಕೆ ಅವರಿಗೆ ಒಂದು ಮಧ್ಯಾಹ್ನ ಸಾಕು. ಬಿಡಿಸಿದ್ದನ್ನು ನಮಗೆಲ್ಲ ಬಿಡಿಸಿ ಹೇಳುವುದಕ್ಕೆ ವಾರ ಸಾಲದು.

ಒಮ್ಮೆ ಪುಣೆಯಿಂದ ಗಂಡ ಹೆಂಡತಿ ಚಾದರ ಕೊಳ್ಳಲು ಬಂದರು. ಅಕ್ಕಲಕೋಟದಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದೆ. ಮಾಲು ತರಲು ಸೋಲಾಪುರಕ್ಕೆ ಹೋದವನು ಕಾಕಾನ ಅಂಗಡಿಯಲ್ಲೇ ಕುಳಿತಿದ್ದೆ. ಕಾಕಾ ಚಾದರ ಬಿಚ್ಚುತ್ತ ಬಿಚ್ಚುತ್ತ ಮರಾಠಿಯಲ್ಲಿ ಆ ತಲೆ ಹೋದ ರಾಜನ ಕಥೆ ತೆಗೆದರು. ಆ ಹೆಣ್ಣುಮಗಳು ಪಾಪ, "ಕುಣೀ ಮಾರಲಂ ತ್ಯಾಲಾ?" ಎಂದಳು, ಅವನನ್ನು ಕೊಂದದ್ದು ಯಾರು ಎಂದು. ಕಾಕಾ ಸಂತೋಷದಿಂದ ಅ, ರ, ಸ ಎಂದು ಮೂರು ಅಕ್ಷರಗಳನ್ನು ಗಜದಕಡ್ಡಿಯಿಂದ ಗಾಳಿಯಲ್ಲಿ ಬರೆದು, ಮೊದಲನೆಯದಕ್ಕೆ ಜೋರಾಗಿ ಏಟು ಹಾಕಿ ತೋರಿಸಿದರು. ಗಂಡ ಹೆಂಡತಿಯ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದ. ಕಾಕಾ ನನ್ನ ಕಡೆ ತಿರುಗಿ, "ಪುಣ್ಯಾದ ಮಂದಿಗಿ ಭಾಳ ಗಡಿಬಿಡಿ ನೋಡ ತಮ್ಮಾ" ಎಂದರು.

ನಮ್ಮೂರಲ್ಲಾದದ್ದು ಇದಕ್ಕಿಂತ ಹೆಚ್ಚಿನದು. ಕಾಕಾ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಬಂದು ಮಹಾಪ್ರಸಾದದ ಸಾಲಿನಲ್ಲಿ ನಿಂತಿದ್ದರು. ಆ ವಾರದ ಸುಳಿವು 'ಹೊಳೆ ತಿರುಗಿ ಹರಿದರೆ ಹಗಲು' ಎಂಬುದು. 'ನದಿ'ಯನ್ನು ಹಿಂದುಮುಂದಾಗಿ ಓದಿದರೆ 'ದಿನ'. ಅದನ್ನು ಅಷ್ಟಕ್ಕೇ ಬಿಡುವವರೇ ಇವರು? ಮುಂದೆ ನಿಂತಿದ್ದ ನಾಶಿಕದ ಭಕ್ತನ ಹೆಗಲು ತಟ್ಟಿ, "ನದೀ ಉಲಟೀ ಫಿರಲೀ ಕೀ ದಿನ ಹೋತೋ, ಮಾಹೀತ ಆಹೇ ಕಾ?" ಎಂದರು, ನದಿ ತಿರುಗಿದರೆ ದಿನವಾಗುತ್ತದೆ, ಗೊತ್ತಿದೆಯೇ ಎಂದು. ಭಕ್ತ ಕೈಮುಗಿದ. ಹೊರಗೆ ಹರಿಯುವುದನ್ನು ಒಳಗೆ ತಿರುಗಿಸಬೇಕು ಎಂದು ಕಾಕಾ ಮುಂದುವರಿಸಿದರು. ಭಕ್ತನ ಕಣ್ಣು ಒದ್ದೆಯಾದವು. ಸಾಲು ಊಟದ ಬಾಗಿಲು ಮುಟ್ಟುವಷ್ಟರಲ್ಲಿ ಆತ ಕಾಕಾನ ಕಾಲಿಗೆ ಬಿದ್ದಿದ್ದ, ಅವನ ಹಿಂದೆ ಇನ್ನಿಬ್ಬರು ಬಾಗಿ ನಿಂತಿದ್ದರು!

"ಕಾಕಾ, ಆ ಮನಶ್ಯಾ ನಿಮ್ಮನ್ನ ಮಹಾರಾಜರು ಅಂತ ತಿಳಕೊಂಡಾನ್ರಿ" ಎಂದೆ.

"ತಿಳಕೊಳ್ಳಲಿ ಬಿಡು. ಸುಳಿವು ತಿಳೀತಲ್ಲ" ಎಂದರು.

ಹೊರಗೆ ಹೀಗಾದರೆ ಮನೆಯಲ್ಲಿ ಹೇಗೆ? ಮನೆಯಲ್ಲಿ ಕನ್ನಡ ಓದುವವರು ಅವರೊಬ್ಬರೇ. ಮಕ್ಕಳು ಮೊಮ್ಮಕ್ಕಳೆಲ್ಲ ಮರಾಠಿ ಸಾಲಿಯವರು. ಕನ್ನಡದಲ್ಲಿ ಜಗಳವಾಡುತ್ತಾರೆ, ಮರಾಠಿಯಲ್ಲಿ ಓದುತ್ತಾರೆ. ಕಾಕಾ ಪೇಪರು ಹಿಡಿದು ಬಂದರೆಂದರೆ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಕ್ಲಾಸು. ನಾನೂ ಸಾಚಾ ಅಲ್ಲ. ಇಲ್ಲದ ಬಸ್ಸಿಗೆ ಹೊತ್ತಾಯಿತೆಂದು ಎಷ್ಟೋ ಸಲ ಎದ್ದು ಬಂದಿದ್ದೇನೆ. ಉಳಿಯುವವಳು ಕಾಕಾನ ಹೆಂಡತಿ, ನಮ್ಮ ಕಾಕು ಒಬ್ಬಳೇ. ಸಲಗರ ಬುದ್ರುಕವೆಂಬ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಸಾಲಿಯ ಮುಖ ಕಂಡವಳಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಕಾಕಾ ಉಸಿರು ತೆಗೆದುಕೊಂಡಾಗಲೆಲ್ಲ "ಹೂಂ" ಎನ್ನುತ್ತಾಳೆ.

"ತಿಳೀತೇನ?" ಎಂದು ಕಾಕಾ ಕೇಳುತ್ತಾರೆ.

"ಅರ್ಧಾ ತಿಳೀತರಿ."

"ಯಾವ ಅರ್ಧಾ?"

"ನಿಮಗ ತಿಳಿದದ ಅನ್ನೂದ ತಿಳೀತರಿ."

ಇಷ್ಟೆಲ್ಲ ಯಾತಕ್ಕೆ? ಅದನ್ನೂ ಹೇಳಿಬಿಡುತ್ತೇನೆ. ಪದಬಂಧದ ಕೆಳಗೆ, ಹಿಂದಿನ ವಾರ ಸರಿಯುತ್ತರ ಕಳಿಸಿದ ಹತ್ತು ಜನರ ಹೆಸರು ಊರು ಅಚ್ಚಾಗುತ್ತವೆ. ಆ ಪಟ್ಟಿಯಲ್ಲಿ ಒಂದು ಹೆಸರು ಬರಬೇಕು, ಮುಂದೆ 'ಸೋಲಾಪುರ' ಎಂದಿರಬೇಕು. ಇಪ್ಪತ್ತು ವರ್ಷಗಳಿಂದ ಕಾಕಾನ ಆಸೆ ಅದೊಂದೇ. ಭಾನುವಾರ ಪೇಪರು ಕೈಗೆ ಬಂದೊಡನೆ, ಹತ್ತನೆಯ ಇಯತ್ತೆಯ ಪರೀಕ್ಷೆಯ ನಿಕಾಲು ನೋಡುವವರಂತೆ, ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾರೆ. ಹತ್ತನೆಯ ಹೆಸರಿಗೆ ಬೆರಳು ನಿಲ್ಲುತ್ತದೆ. "ಈ ಸಲಾನೂ ಇಲ್ಲ" ಎಂದು ಕನ್ನಡಕ ತೆಗೆಯುತ್ತಾರೆ.

ಹೇಗೆ ಬಂದೀತು ಹೇಳಿ! ಕಾಕಾ ಬರೀ ಕೂಪನ್ ಕಳಿಸುವುದಿಲ್ಲ. ಜೊತೆಗೆ ಐದು ಹಾಳೆ ವಿವರಣೆ. ಸುಳಿವು ಎಲ್ಲಿ ಸಡಿಲವಾಗಿದೆ, ತಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಎಂಬ ಉಪದೇಶ. ಉತ್ತರ ಚೌಕಗಳಲ್ಲಿ ಹಿಡಿಸದಿದ್ದರೆ ಅವರು ಉತ್ತರ ಬದಲಿಸುವವರಲ್ಲ. ಒಂದು ಸಲ ಮೂರು ಚೌಕಗಳಲ್ಲಿ 'ಆಸ್ಪತ್ರೆ' ಬರೆಯಬೇಕಿತ್ತು. ಇವರು 'ದವಾಖಾನಿ' ಎಂದು ಬರೆದು, ಹೊರಗೆ ಬಾಲ್‌ಪೆನ್ನಿನಿಂದ ಇನ್ನೊಂದು ಚೌಕ ಎಳೆದಿದ್ದರು.

"ಕಾಕಾ, ಇದೇನ್ರಿ?"

"ಛಾಪಾಖಾನ್ಯಾಗ ಒಂದ ಚೌಕ ಮರತಾರ, ಪಾಪ."

ಹೆಸರು ಬಾರದ್ದಕ್ಕೆ ಕಾಕಾನದು ಬೇರೆಯೇ ಸಂಶೋಧನೆ. ಲಕೋಟೆಯ ಮೇಲೆ ಒತ್ತಿದ ಮಹಾರಾಷ್ಟ್ರದ ಟಪಾಲಿನ ಶಿಕ್ಕಾ ಕಂಡರೆ ಬೆಂಗಳೂರಿನ ಪತ್ರಿಕೆಯವರು ಒಡೆಯುವುದೇ ಇಲ್ಲವಂತೆ! ಹಾಗಾಗಿ ಪ್ರತಿ ಸೋಮವಾರ ಅಂಗಡಿ ಮಗನಿಗೆ ಬಿಟ್ಟು, ಸ್ಕೂಟರ್ ಹತ್ತಿ, ವಿಜಯಪುರದ ರಸ್ತೆ ಹಿಡಿದು, ಭೀಮಾ ನದಿಯ ಸೇತುವೆ ದಾಟಿ, ಆ ದಡದ, ಕರ್ನಾಟಕದ ಮೊದಲ ಊರಿನ ಟಪಾಲು ಡಬ್ಬಿಯಲ್ಲಿ ಲಕೋಟೆ ಹಾಕಿ ಬರುತ್ತಾರೆ. ಊರವರು ನದಿ ದಾಟುವುದು ಮದುವೆಗೆ, ಮಣ್ಣಿಗೆ. ನಮ್ಮ ಕಾಕಾ ದಾಟುವುದು ಶಿಕ್ಕಾಕ್ಕೆ. ಹೊರಡುವಾಗ ಕಾಕು ಬಾಗಿಲಿಗೆ ಬಂದು, "ಪಾಸ್‌ಪೋರ್ಟ್ ತಗೊಂಡೀರಿಲ್ಲೊ?" ಎಂದು ಕೇಳುವುದು ವಾಡಿಕೆ.

ಒಮ್ಮೆ ನಾನೂ ಹಿಂದೆ ಕುಳಿತು ಹೋಗಿದ್ದೆ. ಡಬ್ಬಿಗೆ ಲಕೋಟೆ ಬಿದ್ದ ಮೇಲೆ ಕೇಳಿದೆ: "ಕಾಕಾ, ಶಿಕ್ಕಾ ಕರ್ನಾಟಕದ್ದ ಬಿತ್ತು, ಖರೆ. ಒಳಗ ಪತ್ತಾ ಸೋಲಾಪುರದ್ದ ಬರದೀರಲ್ಲ?"

ಕಾಕಾ ಸ್ಕೂಟರ್ ತಿರುಗಿಸಿದರು. "ಒಡದ ಮ್ಯಾಲ ಅವರಿಗಿ ಮುಚ್ಚಾಕ ಬರೂದಿಲ್ಲ ತಮ್ಮಾ" ಎಂದರು.

ಈಗ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೂ ಆಗುತ್ತದೆ ಎಂದು ಪತ್ರಿಕೆಯಲ್ಲೇ ಬರೆದಿರುತ್ತಾರೆ. ತೋರಿಸಿದೆ. "ಮೊಬೈಲ್‌ನ್ಯಾಗ ಶಿಕ್ಕಾ ಎಲ್ಲಿ ಬೀಳ್ತದ?" ಎಂದರು.

ಕೊನೆಗೆ ಕಾಕಾನ ಹಟ ಮುರಿದದ್ದು ನನ್ನ ಮಾತಿನಿಂದಲ್ಲ, ಅವರ ಮೊಣಕಾಲಿನಿಂದ. ಹೋದ ಚಳಿಗಾಲದಲ್ಲಿ ಮೊಣಕಾಲು ಬಾತು ಹಾಸಿಗೆ ಹಿಡಿದರು. ಡಾಕ್ಟರು ಸ್ಕೂಟರ್ ಮುಟ್ಟಬಾರದೆಂದರು, ಮುಂದೆ ಎಂದೂ. ನೋಡಲು ಹೋದರೆ, ಕಾಲಿನ ನೋವಿಗಿಂತ ಸೋಮವಾರದ ಚಿಂತೆಯೇ ದೊಡ್ಡದಾಗಿತ್ತು. "ಇನ್ನ ಬರೂದಿಲ್ಲ ಬಿಡು ಆ ಹೆಸರು" ಎಂದು ಗೋಡೆಯ ಕಡೆ ಹೊರಳಿದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನಾನು ಕೂಪನ್ ಕೇಳಿದೆ. ದಿಂಬಿನ ಕೆಳಗಿಂದ ತೆಗೆದುಕೊಟ್ಟು, "ತಗೋ. ಆದ್ರ ವಿವರಣಾ ಬಿಡಬ್ಯಾಡ ನೋಡು" ಎಂದರು.

ಆ ವಾರ ಅದೃಷ್ಟವಶಾತ್ ಒಂದೂ ಚೌಕ ಹೆಚ್ಚಿಗೆ ಎಳೆದಿರಲಿಲ್ಲ. ನಾಲ್ಕು ಮೂಲೆ ಫೋಟೋದಲ್ಲಿ ಬಂದವೇ ಎಂದಷ್ಟೇ ನೋಡಿ ಕಳಿಸಿಬಿಟ್ಟೆ. ಐದು ಹಾಳೆಯ ವಿವರಣೆ ನನ್ನ ಜೇಬಿನಲ್ಲೇ ಉಳಿಯಿತು. ಇದು ಕಾಕಾಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಮುಂದಿನ ಭಾನುವಾರ ಅವರ ಮನೆಯಲ್ಲೇ ಇದ್ದೆ. ಪೇಪರು ಬಂತು. ಕಾಕಾ ಹಾಸಿಗೆಯಲ್ಲೇ ಎದ್ದು ಕುಳಿತು ಪಟ್ಟಿಯ ಮೇಲೆ ಬೆರಳಿಟ್ಟರು. ಬೆರಳು ಆರನೆಯ ಹೆಸರಿಗೆ ನಿಂತಿತು, ಮುಂದೆ ಸರಿಯಲಿಲ್ಲ. ನಾನು ಪೇಪರು ಕಸಿದುಕೊಂಡು ನೋಡಿದೆ. ಕಾಕಾನ ಹೆಸರಿಲ್ಲ! 'ಸೌ. ನೀಲವ್ವ, ಸೋಲಾಪುರ' ಎಂದಿತ್ತು.

"ಕಾಕಾ, ಮೋಸ ಆತ್ರಿ! ಕಾಕುನ ಹೆಸರ ಹಾಕ್ಯಾರ!" ಎಂದು ಕೂಗಿ, ಮೊಬೈಲು ತೆಗೆದು ಫೋಟೋ ದೊಡ್ಡದು ಮಾಡಿ ನೋಡಿದೆ. ಕೂಪನ್ನಿನ ಹೆಸರಿನ ಜಾಗದಲ್ಲಿ ಕಾಕಾನ ಗುಂಡನೆಯ ಅಕ್ಷರದಲ್ಲೇ ಬರೆದಿತ್ತು: ಸೌ. ನೀಲವ್ವ.

"ಪ್ರತಿ ಸಲ ಇದ ಹೆಸರ ಬರೀತಿದ್ರೇನ್ರಿ?"

"ಮತ್ತ ಯಾರದು? ಅಂಗಡಿ ಬೋರ್ಡಿನ ಮ್ಯಾಲ ನಮ್ಮಪ್ಪಂದದ. ಮನಿ ಬಾಗಲಿಗಿ ನಂದದ. ಆಕಿ ಹೆಸರ ಈ ಮನ್ಯಾಗ ಎಲ್ಲದ, ಹೇಳ ನೋಡೂಣು?"

"ಬಿಡಿಸಾವ್ರು ನೀವಲ್ಲೇನ್ರಿ?"

"ಬಿಡಿಸಾಂವ ನಾ. ಕೇಳಾಕಿ ಇಲ್ಲದಿದ್ರ ಬಿಡಿಸಿ ಏನ ಮಾಡ್ಲಿ? ನೀವೆಲ್ಲಾ ಎದ್ದ ಹೋಗ್ತೀರಿ. ಆಕಿ ಒಂದ ದಿನಾನೂ ಎದ್ದ ಹೋಗಿಲ್ಲ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಪ್ಪತ್ತು ವರ್ಷ ಈ ಮನುಷ್ಯನ ಹೆಸರಿನ ಹುಚ್ಚನ್ನು ನಾನು ಊರತುಂಬ ಆಡಿಕೊಂಡು ನಕ್ಕಿದ್ದೆ.

ಕಾಕು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಯಾವದೋ ನಂದು?" ಎಂದಳು. ನಾನು ಆರನೆಯ ಸಾಲು ತೋರಿಸಿದೆ. ಅವಳು ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಅಕ್ಷರಗಳ ಕೆಳಗೆ ಬೆರಳು ಎಳೆದಳು. ಕಾಕಾ ಗಂಟಲು ಸರಿಮಾಡಿಕೊಂಡು, "ನೋಡು, ಮೊದಲನೇದು 'ನೀ'. ಅದರ ಮುಂದ..." ಎಂದು ಶುರು ಮಾಡಿದರು.

"ಒಂಚೂರ ಸುಮ್ಮನಿರ್ರಿ" ಎಂದಳು ಕಾಕು, ಪೇಪರಿನಿಂದ ಕಣ್ಣು ತೆಗೆಯದೆ. "ನೋಡಾಕ ಬಿಡ್ರಿ."

ಕಾಕಾ ಕನ್ನಡಕ ತೆಗೆದು ಅವಳನ್ನೇ ನೋಡಿದರು.